ಕೂಗು ಕೇಳಿಸುವಷ್ಟು ನೆಲ

'ಕಾಂತಾರ' ಚಿತ್ರ ನೋಡಲು ಹೊರಟವರಿಗೆ ಮೊದಲ ಮಾತು: ಮೊಬೈಲು ಕಿಸೆಯಲ್ಲಿರಲಿ. 2022ರ ಅಕ್ಟೋಬರಿನಲ್ಲಿ ಅದರ ಹಿಂದಿ ಡಬ್ಬಿಂಗ್ ಮುಂಬಯಿಗೆ ಬಂದಾಗ ಅಂಧೇರಿಯ ಒಂದು ಮಲ್ಟಿಪ್ಲೆಕ್ಸಿನಲ್ಲಿ ನಾನು ಪಟ್ಟ ಸಂಕಟ ಹೇಳತೀರದು. ದೈವ ಕೂಗಿದಾಗಲೆಲ್ಲ ಹಿಂದಿನ ಸಾಲಿನ ಹುಡುಗರು ತಾವೂ ಕೂಗಿ, ನಗುತ್ತ ರೀಲ್ ಮಾಡಿಕೊಳ್ಳುತ್ತಿದ್ದರು. ದೈವಾರಾಧನೆಯ ಕೋಲ ನಡೆಯುವಲ್ಲಿ ಹೀಗೆ ಮಾಡಿದ್ದರೆ ನಮ್ಮೂರ ಹಿರಿಯರು ಎಬ್ಬಿಸಿ ಕಳಿಸುತ್ತಿದ್ದರು. ಕ್ಲೈಮ್ಯಾಕ್ಸ್ ಭಾರೀ ಉಂಟು ಎನ್ನುತ್ತ ಹೊರಬಂದವರಲ್ಲಿ ಎಷ್ಟು ಮಂದಿಗೆ ಆ ಕೂಗು ಏತಕ್ಕೆಂದು ಗೊತ್ತಿತ್ತು?

ಉತ್ತರ ಚಿತ್ರದ ಆರಂಭದಲ್ಲೇ ಇದೆ. 1847ರ ಕತೆ. ನೆಮ್ಮದಿ ಹುಡುಕಿ ಬಂದ ಅರಸನಿಗೆ ಕಾಡಿನಲ್ಲಿ ದೈವದ ಕಲ್ಲು ಕಾಣುತ್ತದೆ. ತನ್ನ ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗಿನ ನೆಲವನ್ನು ಜನರಿಗೆ ಬಿಡಬೇಕು ಎನ್ನುತ್ತದೆ ದೈವ. ಅಂದರೆ ಕೂಗೇ ಅಳತೆ, ಕೂಗೇ ಪಟ್ಟೆ. 1990ಕ್ಕೆ ಬಂದರೆ ಅರಣ್ಯಾಧಿಕಾರಿ ಮುರಳಿ ಸರ್ವೆ ಮಾಡಿಸಿ ಬೇಲಿ ಹಾಕಿಸುತ್ತಾನೆ. ಮುರಳಿಯಾದ ಕಿಶೋರ್ ಮತ್ತು ಊರ ಹುಡುಗನಾದ ರಿಷಬ್ ಶೆಟ್ಟಿ ಹೊಡೆದಾಡುವುದು ಈ ಎರಡು ಅಳತೆಗಳಿಗಾಗಿ. ಊರ ಧಣಿಗೆ ಬೇಕಾದದ್ದು ನೆಲ ಮಾತ್ರ. ಈ ಎಳೆ ಹಿಡಿದು ಕೂತರೆ ಪ್ರತಿ ಕೂಗೂ ಬೇರೆಯಾಗಿ ಕೇಳುತ್ತದೆ: ಒಮ್ಮೆ ಎಚ್ಚರಿಕೆ, ಒಮ್ಮೆ ಹಕ್ಕುಸಾಧನೆ, ಕೊನೆಗೆ ಕಾಡಿನೊಳಗೆ ಕರಗುವ ವಿದಾಯ.

ಕಾಡಿನ ವಿಷಯಕ್ಕೆ ನನ್ನ ಕಣ್ಣು ಮೊದಲು ತೆರೆದದ್ದು 'ಗಂಧದ ಗುಡಿ'ಯಿಂದ. 1973ರ ಚಿತ್ರ. ಆಗ ಹಗಲು ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ, ರಾತ್ರಿ ಕನ್ನಡ ಶಾಲೆ. ಒಂದು ಭಾನುವಾರ ಬೆಳಗಿನ ಆಟಕ್ಕೆ ಮಾಟುಂಗಕ್ಕೆ ಹೋದೆ. ಊರು ಬಿಟ್ಟು ಎರಡು ವರ್ಷವಾಗಿತ್ತು. ಪರದೆಯ ಮೇಲೆ ಮರಗಳು ಕಂಡಾಗ ಗಂಟಲು ಕಟ್ಟಿತು. ರಾಜಕುಮಾರ್ ಅರಣ್ಯಾಧಿಕಾರಿ. ಕಾಡು ಕಾಯುವವನು ಖಾಕಿ ತೊಟ್ಟವನೇ ಎಂದು ಅಂದು ನಂಬಿದೆ. ಕಾಡಿನಲ್ಲೇ ಬಾಳುವವರನ್ನು ಹೊರಗಿಟ್ಟು ಕಾಡು ಉಳಿದೀತೇ ಎಂಬ ಪ್ರಶ್ನೆ ನನ್ನೊಳಗೆ ಎದ್ದದ್ದು ಅರ್ಧ ಶತಮಾನ ಕಳೆದು, 'ಕಾಂತಾರ'ದಲ್ಲಿ.

ಅರವಿಂದ್ ಕಶ್ಯಪ್ ಕ್ಯಾಮೆರಾ, ಕಂಬಳದ ಕೆಸರು ಎಲ್ಲ ಸೊಗಸೇ. ಲೀಲಾಳ ಬಗ್ಗೆ ಮಾತ್ರ ನನಗೆ ತಕರಾರಿದೆ. ಊರಿನ ಮಗಳು, ಅರಣ್ಯ ಇಲಾಖೆಯ ಗಾರ್ಡ್. ಎರಡೂ ಕಡೆಯ ನೋವು ಅವಳದು. ಚಿತ್ರ ಅವಳನ್ನು ಪ್ರಣಯಕ್ಕೆ ಸವೆಸಿಬಿಟ್ಟಿತು.

ಇದು ಕರಾವಳಿಯ ಕತೆ, ನಮಗೇನು ಎನ್ನುವ ಮುಂಬಯಿಗರು ಗೋರೆಗಾಂವಿಗೆ ಬರಲಿ. 2019ರ ಅಕ್ಟೋಬರ್ 4ರ ರಾತ್ರಿ ಅಲ್ಲಿನ ಆರೆ ಕಾಡಿನಲ್ಲಿ ಮೆಟ್ರೋ ಕಾರ್‌ಶೆಡ್‌ಗಾಗಿ ಮರ ಕಡಿಯಲು ಶುರುಮಾಡಿದರು. 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,141 ಮರ ಉರುಳಿದ್ದವು. ಆ ಕಾಡಿನ ಪಾಡಾಗಳಲ್ಲಿ, ಅಂದರೆ ಹಾಡಿಗಳಲ್ಲಿ, ವಾರ್ಲಿ ಆದಿವಾಸಿಗಳಿದ್ದಾರೆ. ನಮಗೆ ಹಂದಿಯ ರೂಪದ ಪಂಜುರ್ಲಿ ಹೇಗೋ ಅವರಿಗೆ ಹುಲಿದೇವರು ವಾಘೋಬಾ ಹಾಗೆ. ಅವರ ನೆಲವನ್ನು ಅಳೆದವರು ಅವರ ದೇವರನ್ನು ಕೇಳಲಿಲ್ಲ.

ಚಿತ್ರವನ್ನು ಕನ್ನಡದಲ್ಲೇ ನೋಡಿ; ಕುಂದಗನ್ನಡದ ಬಿಗಿ ಹಿಂದಿಯಲ್ಲಿ ಉಳಿದಿಲ್ಲ. ಕೂಗು ಬಂದಾಗ ಸುಮ್ಮನೆ ಕೂತು, ಅದು ಎಲ್ಲಿಯವರೆಗೆ ಹೋಗುತ್ತದೆಂದು ಕಿವಿಗೊಡಿ.