ಹಿಮ್ಮೇಳದ ಹೆಸರು ಉಳಿಸದ ಸಂಗ್ರಹ

1957ರ ಡಿಸೆಂಬರ್ 8ರಂದು ಅಮೆರಿಕದ ಸಿಬಿಎಸ್ ವಾಹಿನಿ ‘ದಿ ಸೌಂಡ್ ಆಫ್ ಜಾಝ್’ ಎಂಬ ಒಂದು ಗಂಟೆಯ ಕಾರ್ಯಕ್ರಮವನ್ನು ನೇರ ಪ್ರಸಾರ ಮಾಡಿತು. ಅದರಲ್ಲಿ ಬಿಲ್ಲಿ ಹಾಲಿಡೇ ಹಾಡುವ ಭಾಗವನ್ನು ಇವತ್ತಿಗೂ ನೋಡಬಹುದು. ಹಾಡಿನ ನಡುವೆ ಲೆಸ್ಟರ್ ಯಂಗ್ ಎದ್ದು ಸ್ಯಾಕ್ಸೊಫೋನಿನಲ್ಲಿ ಒಂದೇ ಒಂದು ಸುತ್ತು ನುಡಿಸುತ್ತಾರೆ. ಅಬ್ಬರವಿಲ್ಲ, ಸ್ವರಗಳೂ ಕಡಿಮೆ. ಆಗ ಕ್ಯಾಮೆರಾ ಹಾಲಿಡೇ ಅವರ ಮುಖಕ್ಕೆ ತಿರುಗುತ್ತದೆ. ಹಳೆಯ ಜೊತೆಗಾರ ನುಡಿಸುತ್ತಿರುವುದನ್ನು ಅವರು ತಲೆದೂಗುತ್ತ ಕೇಳುತ್ತಿದ್ದಾರೆ. ಇಬ್ಬರೂ 1959ರಲ್ಲಿ ತೀರಿಕೊಂಡರು. ಈ ದೃಶ್ಯ ಉಳಿದದ್ದು ಟಿ.ವಿ. ಪರದೆಯ ಮೇಲಿನ ಚಿತ್ರವನ್ನೇ ಸಿನಿಮಾ ಫಿಲ್ಮಿಗೆ ಇಳಿಸಿಕೊಳ್ಳುವ ಆ ಕಾಲದ ಪದ್ಧತಿಯಿಂದ.

ಆ ತುಣುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗಾಯಕಿ ಸುಮ್ಮನಿದ್ದು ಕೇಳುವ ಗಳಿಗೆ. ಬೆನ್ನ ಹಿಂದೆ ಯಾರು ಪಿಯಾನೊಗೆ ಕೂತಿದ್ದರು, ಯಾರು ಬಾಸ್ ಹಿಡಿದಿದ್ದರು, ಯಾರು ಡ್ರಮ್ ಬಾರಿಸಿದರು, ಎಲ್ಲವೂ ದಾಖಲಾಗಿದೆ: ಮಾಲ್ ವಾಲ್ಡ್ರನ್, ಮಿಲ್ಟ್ ಹಿಂಟನ್, ಓಸಿ ಜಾನ್ಸನ್. ಜಾಝ್ ಸಂಗ್ರಾಹಕರಿಗೆ ಇದು ಹಳೆಯ ವ್ರತ. 1936ರಲ್ಲೇ ಫ್ರಾನ್ಸಿನ ಷಾರ್ಲ್ ದೆಲೊನೇ ಧ್ವನಿಮುದ್ರಿಕೆಗಳ ಪಟ್ಟಿಯೊಂದನ್ನು ಪುಸ್ತಕವಾಗಿ ತಂದರು. ಒಂದು ತಟ್ಟೆ ಎಂದರೆ ತಂಡದ ಪ್ರತಿಯೊಬ್ಬರ ಹೆಸರು, ವಾದ್ಯ, ಊರು, ದಿನಾಂಕ ಎಂಬ ಶಿಸ್ತು ಅಲ್ಲಿ ಬೇರೂರಿತು. ಹಳೆಯ ಜಾಝ್ ಟಿ.ವಿ. ಕಾರ್ಯಕ್ರಮಗಳನ್ನು ಉಳಿಸುವ ಕೆಲಸದಲ್ಲಿ ಸೋಲುಗಳು ಇಲ್ಲದಿಲ್ಲ. ಬಿಬಿಸಿಯ ‘ಜಾಝ್ 625’ (1964–66) ಸರಣಿ ಪೂರ್ತಿಯಾಗಿ ಉಳಿದಿಲ್ಲ. ವಿಡಿಯೊ ಟೇಪು ದುಬಾರಿಯಾಗಿದ್ದರಿಂದ ಅಳಿಸಿ ಮರುಬಳಸುವುದು ಆಗ ಎಲ್ಲ ಕಡೆಯ ರೂಢಿ. ಆದರೆ ಉಳಿದದ್ದರಲ್ಲಿ ಯಾರಿದ್ದಾರೆ ಎಂಬುದು ಅಲ್ಲಿ ಗೊತ್ತಿರುತ್ತದೆ. ಕಳೆದುಹೋದದ್ದರಲ್ಲಿ ಯಾರಿದ್ದರು ಎಂಬುದೂ ಬಹುಮಟ್ಟಿಗೆ ಗೊತ್ತಿರುತ್ತದೆ.

ಈ ಅಳತೆಗೋಲನ್ನು ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗೆ ತಂದು ನೋಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ, ಈ ಕಡೆಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆ ಕೊಡಲಾಯಿತು. ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಜಾಲರಿ ತಂತಿಯ ಹತ್ತು ಅಡಿಯ ಛತ್ರಿಯಿಂದ ಎಟಿಎಸ್-6 ಉಪಗ್ರಹದ ಸಂಕೇತ ಹಿಡಿದು, ಊರ ಜನ ಒಟ್ಟಿಗೆ ಕೂತು ನೋಡಿದರು. ಬೇಸಾಯ, ಆರೋಗ್ಯ, ಶಾಲೆಯ ಪಾಠದ ಜೊತೆಗೆ ಜಾನಪದ ಹಾಡು ಕುಣಿತಗಳೂ ಅದರಲ್ಲಿದ್ದವು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಶುರುವಾಯಿತು. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ.

ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ತೆಲುಗಿನವುಗಳ ಜೊತೆಗೆ ಹೈದರಾಬಾದಿನ ಕೇಂದ್ರದಲ್ಲಿ. ಹಾಗಾಗಿ ಕನ್ನಡ ಟಿ.ವಿ.ಯ ಹಳೆಯ ಸಂಗೀತವನ್ನು ಬೆಂಗಳೂರಿನ ಕಪಾಟಿನಿಂದ ಹುಡುಕಲು ಹೊರಟವರು ಮೊದಲ ಆರು ವರ್ಷಗಳನ್ನೇ ದಾಟಿಬಿಡುತ್ತಾರೆ. ಒಂದು ರಾಜ್ಯದ ಭಾಷೆ, ಇನ್ನೊಂದು ರಾಜ್ಯದ ಸ್ಟುಡಿಯೊ, ನೋಡಿದವರು ಗಡಿಯ ಹಳ್ಳಿಯವರು. ಇಂಥ ಮುದ್ರಿಕೆಗೆ ವಾರಸುದಾರರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಸಂಸ್ಕೃತಿ ಇಲಾಖೆಗಳು ಕೈಗೆತ್ತಿಕೊಳ್ಳಲೇಬೇಕು.

ಈಗ ನಡೆದಿರುವ ಕೆಲಸಕ್ಕೆ ಬರೋಣ. ಪ್ರಸಾರ ಭಾರತಿಯ ಸಂಗ್ರಹಾಲಯ ಆಕಾಶವಾಣಿ, ದೂರದರ್ಶನಗಳ ಹಳೆಯ ಸಂಗೀತವನ್ನು ಡಿಜಿಟಲ್‌ಗೆ ಇಳಿಸುತ್ತಿದೆ, ಯೂಟ್ಯೂಬಿನಲ್ಲೂ ಹಾಕುತ್ತಿದೆ. ಇದು ಸಣ್ಣ ಉಪಕಾರವಲ್ಲ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳದ ತಲೆಮಾರಿಗೆ ಅವರು ಹಾಡುವಾಗಿನ ಕಣ್ಣು, ಕೈ ಕಾಣಸಿಗುವುದೇ ಇಂಥ ಚಿತ್ರಗಳಲ್ಲಿ. ಟೇಪಿನ ಕೆಲಸ ಎಷ್ಟು ಕಷ್ಟದ್ದೆಂದು ಬಲ್ಲವರಿಗೆ ಇದರ ಬಗ್ಗೆ ಗೌರವ ಇನ್ನೂ ಹೆಚ್ಚು. ಯು-ಮ್ಯಾಟಿಕ್ ವಿಡಿಯೊ ಕ್ಯಾಸೆಟ್ಟಿನ ಕಾಲದ ಹಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಪುಡಿ ಕಿತ್ತು ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆ ಚಿತ್ರವೂ ಹೋಗುತ್ತದೆ. ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಬಿಸಿ ಮಾಡಿ, ತಾತ್ಕಾಲಿಕವಾಗಿ ಗಟ್ಟಿ ಮಾಡಿಕೊಂಡು, ಆ ಸಮಯದೊಳಗೆ ಪ್ರತಿ ತೆಗೆಯಬೇಕು.

ಇಷ್ಟು ಪಾಡುಪಟ್ಟು ತೆಗೆದ ಪ್ರತಿ ನಮ್ಮ ಕೈಗೆ ಬರುವ ರೀತಿಯ ಬಗ್ಗೆ ನನ್ನ ತಕರಾರಿದೆ. ಸರ್ಕಾರಿ ವಾಹಿನಿ, ಖಾಸಗಿ ಸಂಗ್ರಾಹಕ ಎಂಬ ಭೇದವಿಲ್ಲದೆ ನಮ್ಮಲ್ಲಿ ಹೆಚ್ಚಿನವರು ಗಾಯಕರ ಹೆಸರು ಮತ್ತು ರಾಗದ ಹೆಸರಿಗೆ ಮುಗಿಸುತ್ತಾರೆ. ತಬಲಾ ಯಾರದು? ಹಾರ್ಮೋನಿಯಂ ಯಾರದು? ಹಿಂದೆ ತಂಬೂರಿ ಹಿಡಿದು ದನಿ ಕೂಡಿಸಿದ ಹುಡುಗ ಯಾರು? ಆಕಾಶವಾಣಿಯ ಉದ್ಘೋಷಕರು ಕಛೇರಿಯ ಆರಂಭದಲ್ಲಿ ಪಕ್ಕವಾದ್ಯದವರ ಹೆಸರನ್ನು ತಪ್ಪದೆ ಓದುತ್ತಿದ್ದರು. ಕತ್ತರಿಸಿ ಚೊಕ್ಕ ಮಾಡುವವರು ಮೊದಲು ತೆಗೆದು ಬಿಸಾಕುವುದು ಆ ಉದ್ಘೋಷಣೆಯನ್ನೇ. ಅಷ್ಟಕ್ಕೆ ಆ ವಾದಕರು ಚರಿತ್ರೆಯಿಂದ ಹೊರಬಿದ್ದಂತೆ. ಚೌಕದ ಚಿತ್ರವನ್ನು ಈಗಿನ ಅಗಲ ಪರದೆಗೆ ಎಳೆದು ಮುಖಗಳನ್ನು ಚಪ್ಪಟೆ ಮಾಡುವುದು, ಮೂಲ ಪ್ರಸಾರದ ದಿನಾಂಕ ಕೊಡದಿರುವುದು ಇದೇ ಅಲಕ್ಷ್ಯದ ಮಕ್ಕಳು. ನಿಲಯಗಳು ಕಲಾವಿದರಿಗೆ ಕೊಡುತ್ತಿದ್ದ ಕರಾರು ಪತ್ರ, ಸಂಭಾವನೆಯ ಕಡತಗಳಲ್ಲಿ ಈ ಹೆಸರುಗಳಿರುತ್ತವೆ. ಟೇಪು ಜೋಪಾನ ಮಾಡುವಾಗ ಆ ಕಡತವನ್ನು ರದ್ದಿಗೆ ಹಾಕಿದರೆ ಅರ್ಧ ಕೆಲಸ ಕೆಟ್ಟಿತೆಂದೇ ಲೆಕ್ಕ.

ರಾಗಸಂಗೀತದಲ್ಲಿ ಇದು ಅರ್ಧ ನಷ್ಟವಾದರೆ ಈ ಸೀಮೆಯ ತತ್ವಪದದಲ್ಲಿ ಪೂರಾ ನಷ್ಟ. ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ಪದಗಳನ್ನು ಹಾಡುವ ಭಜನಾ ಮೇಳದಲ್ಲಿ ಒಬ್ಬರು ನುಡಿ ಎತ್ತುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಏಕತಾರಿ, ದಮ್ಮಡಿ, ತಾಳದವರು ಗತಿ ಏರಿಸುತ್ತ ಹೋಗುತ್ತಾರೆ. ಹಾಡು ಇರುವುದು ಆ ಕೊಡು-ಕೊಳ್ಳುವಿಕೆಯಲ್ಲಿ. ತತ್ವಪದದ ಪಠ್ಯವೇನೋ ಭದ್ರವಾಗಿದೆ. ಕನಕದಾಸ ಅಧ್ಯಯನ ಕೇಂದ್ರದ ಸಮಗ್ರ ಸಂಪುಟಗಳಲ್ಲಿ ಅದು ಅಚ್ಚಾಗಿದೆ, ಆ ಕೆಲಸಕ್ಕೆ ಕನ್ನಡ ಋಣಿ. ಆದರೆ ಸೇಡಂ ಕಡೆ ತೆಲುಗಿನ ಎಳೆತ ಹೇಗೆ ಸೇರಿತು, ಅಲಾಯಿ (ಮೊಹರಂ) ಹಬ್ಬದ ರಿವಾಯತ್ ಪದದ ಧಾಟಿ ಭಜನೆಯೊಳಗೆ ಎಲ್ಲಿ ನುಸುಳಿತು ಎಂಬುದನ್ನು ಪುಟ ಹೇಳಲಾರದು. ಅದಕ್ಕೆ ಧ್ವನಿ ಬೇಕು, ಚಿತ್ರ ಬೇಕು, ಹಾಡಿದವರ ಊರು ಬೇಕು. ‘ಗ್ರಾಮೀಣ ಕಲಾವಿದರಿಂದ ಭಜನೆ’ ಎಂಬ ಚೀಟಿ ಅಂಟಿಸಿದ ಟೇಪು ಈ ಮೂರನೆಯದನ್ನು ಕೊಂದುಹಾಕಿರುತ್ತದೆ.

ವಾಡಿ, ಶಹಾಬಾದ, ಸೇಡಂಗಳ ಸಿಮೆಂಟು ಕಾರ್ಖಾನೆಗಳ ಕಾಲೊನಿಗಳನ್ನೂ ಇಲ್ಲಿ ನೆನೆಯಬೇಕು. ತಿಂಗಳ ಪಗಾರ ಬರುವ ಮನೆಗಳಲ್ಲಿ ಇರುವ ವಿಎಚ್ಎಸ್ ಕ್ಯಾಸೆಟ್ಟುಗಳಲ್ಲಿ ಮದುವೆಯ ಚಿತ್ರದ ಜೊತೆ ಜಾತ್ರೆಯ ಭಜನೆಯೂ ಇರಬಹುದು, ಟಿ.ವಿ.ಯಿಂದ ಹಿಡಿದಿಟ್ಟ ಹಾಡೂ ಇರಬಹುದು. ಅಂಥ ಕ್ಯಾಸೆಟ್ಟಿನ ಕಿಟಕಿಯೊಳಗೆ ನೋಡಿ. ಸುರುಳಿಯ ಅಂಚಿಗೆ ಬಿಳಿ ಎಳೆಗಳು ಹಬ್ಬಿದ್ದರೆ ಅದು ಬೂಷ್ಟು. ಅದನ್ನು ಯಂತ್ರಕ್ಕೆ ಹಾಕಬಾರದು. ಹಾಕಿದರೆ ಟೇಪು ತುಂಡಾಗಬಹುದು, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಬೇಸಿಗೆಯಲ್ಲಿ ನಲವತ್ತು ದಾಟುವ ಬಿಸಿಲು, ಮಳೆಗಾಲದ ತಂಪು, ಮೇಲೆ ಸುಣ್ಣಗಲ್ಲಿನ ಧೂಳು. ಅಟ್ಟದ ಮೇಲೆ ಇಟ್ಟದ್ದು ಇಷ್ಟು ದಿನ ಬಾಳಿದ್ದೇ ಹೆಚ್ಚು. ಓಡಿಸುವ ಯಂತ್ರವೂ ಸಿಗದಾಗುತ್ತಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ 2016ರಲ್ಲಿ ಕೈಬಿಟ್ಟಿತು. 2025ರ ಹೊತ್ತಿಗೆ ಯಂತ್ರಗಳ ಕೊರತೆ ಬಿಗಿಯಾಗುತ್ತದೆಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಧ್ವನಿ ಮತ್ತು ದೃಶ್ಯ-ಶ್ರವ್ಯ ಸಂಗ್ರಹಾಲಯಗಳ ಸಂಘ 2019ರಲ್ಲೇ ಕೂಗಿ ಹೇಳಿದ್ದವು.

ಹಾಡಿದವರ ಹೆಸರು, ಊರುಗಳ ಸಮೇತ ಹಳೆಯ ಮುದ್ರಿಕೆಯನ್ನು ಉಳಿಸುವುದಕ್ಕೆ ಮೇಲ್ಪಂಕ್ತಿಯನ್ನು ಜಾಝ್ ಲೋಕದಲ್ಲೇ ಹುಡುಕಬೇಕಿಲ್ಲ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಹಾಡು ಕುಣಿತಗಳನ್ನು ಮುದ್ರಿಸಿಕೊಂಡಿದ್ದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಿಕೆಗಳನ್ನು ಹೊತ್ತು ಅದೇ ಊರುಗಳಿಗೆ ಮರಳಿದರು, ಜನರಿಗೆ ಕೇಳಿಸಿದರು, ಏನು ಉಳಿದಿದೆ ಏನು ಬದಲಾಗಿದೆ ಎಂದು ಹಾಡುವವರಿಂದಲೇ ತಿಳಿದು ಮತ್ತೆ ಚಿತ್ರೀಕರಿಸಿದರು. ಸಂಗ್ರಹಾಲಯ ಮಾಡಬೇಕಾದ ಕೆಲಸದ ಅತ್ಯುತ್ತಮ ಮಾದರಿ ನನ್ನ ದೃಷ್ಟಿಯಲ್ಲಿ ಇದೇ. ನಾಲ್ಕು ದಶಕಗಳ ನಂತರವೂ ನಮ್ಮ ಪ್ರಸಾರ ಸಂಸ್ಥೆಗಳ ಕೆಲಸದಲ್ಲಿ ಇದು ರೂಢಿಯಾಗದೆ ಹೋದದ್ದು ದೊಡ್ಡ ಕೊರತೆ.

ಚಿಂಚೋಳಿಯ ಒಂದು ಮಠದ ಅಂಗಳದಲ್ಲೋ ಚಿತ್ತಾಪುರದ ಶಾಲೆಯಲ್ಲೋ ಹಳೆಯ ಮೇಳದ ಚಿತ್ರ ಹಾಕಿ, ನಿಲ್ಲಿಸಿ ನಿಲ್ಲಿಸಿ, ಇವರು ಯಾರ ಮನೆಯವರು ಎಂದು ಕೇಳಿ ಬರೆದುಕೊಳ್ಳಲು ಬೇಕಾಗುವುದು ಒಂದು ಲ್ಯಾಪ್‌ಟಾಪು, ಒಬ್ಬ ಸ್ಥಳೀಯ ಉಪನ್ಯಾಸಕ. ಬಣ್ಣ ತಿದ್ದುವುದು, ಗದ್ದಲ ಕಳೆಯುವುದು ಮುಂದಿನ ವರ್ಷವೂ ಆದೀತು, ಅದಕ್ಕೆ ತಂತ್ರಜ್ಞರಿದ್ದಾರೆ. 1976ರಲ್ಲಿ ಇಪ್ಪತ್ತರ ಹರೆಯದಲ್ಲಿ ತಾಳ ಹಿಡಿದವರಿಗೆ ಈಗ ಎಪ್ಪತ್ತರ ಮೇಲಾಗಿದೆ. ಹೆಸರು ಬರೆದುಕೊಳ್ಳುವ ಕೆಲಸ ಮೊದಲು ಆಗಲಿ.