ಅಹ್ಮದ್‌ನಗರದ ತಂತಿ, ಯಲ್ಲಾಪುರದ ಮೊಬೈಲು

ಮೌಲಾನಾ ಅಬುಲ್ ಕಲಾಂ ಆಝಾದರ ‘ಗುಬಾರೆ ಖಾತಿರ್’ ಎಂದೊಡನೆ ಎಲ್ಲರೂ ಅವರ ಚಹಾವನ್ನೂ ಗುಬ್ಬಚ್ಚಿಗಳನ್ನೂ ನೆನೆಯುತ್ತಾರೆ. 1942ರಿಂದ ಅಹ್ಮದ್‌ನಗರ ಕೋಟೆಯಲ್ಲಿ ಬಂಧಿಯಾಗಿದ್ದಾಗ ಗೆಳೆಯ ಹಬೀಬುರ್ರಹ್ಮಾನ್ ಖಾನ್ ಶೇರ್ವಾನಿಯವರನ್ನು ಉದ್ದೇಶಿಸಿ ಬರೆದ ಪತ್ರಗಳೇ ಇದರಲ್ಲಿ ಹೆಚ್ಚು. ಆಗ ಕಳಿಸಲಾಗದ ಅವು 1946ರಲ್ಲಿ ಪುಸ್ತಕವಾದವು. ಗದ್ಯದ ಸೊಗಸನ್ನು ಹೊಗಳುವ ಭರದಲ್ಲಿ 1943ರ ಏಪ್ರಿಲ್ ತಿಂಗಳ ಪತ್ರವೊಂದನ್ನು ನಾವು ಬರೀ ಶೋಕದ ಬರಹವೆಂದು ಓದಿ ಮುಗಿಸುತ್ತೇವೆ. ಪತ್ನಿ ಜುಲೇಖಾ ಬೇಗಂ ಕಲ್ಕತ್ತೆಯಲ್ಲಿ ತೀರಿಕೊಂಡ ಬೆನ್ನಿಗೇ ಬರೆದದ್ದು ಅದು.

ನನಗೆ ಅಲ್ಲಿ ಎದ್ದು ಕಾಣುವುದು ತಂತಿಯ ಲೆಕ್ಕ. ಕಾಯಿಲೆಯ ಸುದ್ದಿ ಕಲ್ಕತ್ತೆಯಿಂದ ಬೊಂಬಾಯಿ ಸರಕಾರಕ್ಕೆ, ಅಲ್ಲಿಂದ ಜೈಲು ಅಧಿಕಾರಿಗೆ, ಆಮೇಲೆ ಮೌಲಾನಾರಿಗೆ. ಮೊದಲ ತಂತಿ ಯಾವ ತಾರೀಕಿನದು, ಎಷ್ಟು ದಿನ ಇಟ್ಟುಕೊಂಡು ತಿಳಿಸಿದರು ಎಂಬುದೇ ಅವರಿಗೆ ಗೊತ್ತಾಗಲಿಲ್ಲ. ತಂತಿಯೇನೋ ಬೇಗ ಓಡುತ್ತಿತ್ತು, ಕಾಯಿಸಿದ್ದು ಕಚೇರಿ. ಆದರೂ ಅವರು ಸರಕಾರದ ಮುಂದೆ ಕೈಯೊಡ್ಡಲಿಲ್ಲ. ಈ ಸ್ವಾಭಿಮಾನವನ್ನು ಕೊಂಡಾಡುವ ನಾವು ಜುಲೇಖಾರ ದನಿ ಈ ಪುಸ್ತಕದಲ್ಲಿ ಎಲ್ಲಿದೆ ಎಂದು ಕೇಳುವುದಿಲ್ಲ. ಜೈಲು ಸಾಹಿತ್ಯದ ದೊಡ್ಡ ಕೊರತೆಯಿದು: ಒಳಗಿದ್ದವರು ಬರೆಯುತ್ತಾರೆ, ಹೊರಗೆ ಕಾದವರು ಅಳಿಸಿಹೋಗುತ್ತಾರೆ. 1930ರ ದಶಕದಲ್ಲಿ ಸಿದ್ದಾಪುರ, ಅಂಕೋಲೆಗಳ ಕರನಿರಾಕರಣೆಯಲ್ಲಿ ಜೈಲು ಕಂಡವರ ಹೆಸರುಗಳು ನಮಗೆ ಗೊತ್ತು. ಮನೆಯಲ್ಲಿ ಕಾದವರದು?

ಈಗ ಕಾಯುವವರು ಬೇರೆ. ಯಲ್ಲಾಪುರದ ಯಾವುದೋ ಕೇರಿಯ ತಾಯಿಗೆ ಮಗ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಛಾರ್ಜು ಬೇರೆ. ಆಕೆಗೆ ‘ಇ-ಮುಲಾಕಾತ್’ ಸಣ್ಣ ಸವಲತ್ತಲ್ಲ. ಹೆಸರು ನೋಂದಾಯಿಸಿ, ಗುರುತಿನ ಚೀಟಿಯ ವಿವರ ಕೊಟ್ಟು, ಒಟಿಪಿ ಒತ್ತಿ, ಜೈಲಿನವರು ಒಪ್ಪಿದರೆ ಮಗನ ಮುಖ ನೋಡಬಹುದು. ಆದರೆ ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಸೀಮೆ ಇದು! ಒಟಿಪಿ ಬರುವ ಫೋನು ಮನೆಯಲ್ಲಿ ಯಾರ ಕಿಸೆಯಲ್ಲಿದೆ ಎಂಬುದೂ ಒಂದು ಪ್ರಶ್ನೆ.

ಅಲ್ಲದೆ ಅದು ಭೇಟಿಯ ಏರ್ಪಾಡು, ಪತ್ರದ್ದಲ್ಲ. ಪರದೆ ಆರಿದ ಮೇಲೆ ದಿಂಬಿನಡಿ ಇಟ್ಟುಕೊಳ್ಳಲು ಏನೂ ಉಳಿಯದು. ಹಾಗೆಂದು ಪತ್ರವನ್ನೇ ವಿದ್ಯುನ್ಮಾನಗೊಳಿಸಿದರೆ ಸಾಕೆ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಕೈದಿಗಳ ಟಪಾಲನ್ನು ಫ್ಲೋರಿಡಾದ ಖಾಸಗಿ ಕಂಪೆನಿಗೆ ತಿರುಗಿಸಿತು. ಅಲ್ಲಿ ಸ್ಕ್ಯಾನ್ ಆದ ಪ್ರತಿ ಕೈದಿಗೆ ಸಿಗುತ್ತದೆ. ತಾಯಿ ಮುಟ್ಟಿದ ಕಾಗದವನ್ನು ನಾಶ ಮಾಡಲಾಗುತ್ತದೆ.

ನಮ್ಮ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಇವರಿಗೆ ಮನೆಯ ಸಾವು-ನೋವಿನ ಸುದ್ದಿ ಮುಟ್ಟಿಸುವ ಯಾವ ಯಂತ್ರ ಬಂದರೂ ಅದರಲ್ಲಿ ಎರಡು ಮುದ್ರೆ ಇರಲೇಬೇಕು: ಸಂದೇಶ ಜೈಲಿಗೆ ಬಂದ ಹೊತ್ತು ಮತ್ತು ಕೈದಿಯ ಕೈ ಸೇರಿದ ಹೊತ್ತು. ಎರಡೂ ಮನೆಯವರಿಗೆ ಗೊತ್ತಾಗಬೇಕು. 1943ರಲ್ಲಿ ಮೌಲಾನಾರಿಗೆ ಸಿಗದೆ ಹೋದದ್ದು ಇಂಥದೇ ಲೆಕ್ಕ.