ಸತ್ಯನ್ನರ ಚಿತ್ರಗಳು ಮತ್ತು ನಮ್ಮ ಆಲ್ಬಮ್‌ಗಳು

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರು ನಮ್ಮ ಸಂಘದ ಹಿರಿಯರಿಗೆ ಹೊಸದೇನಲ್ಲ. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಸೇರಿದ ಈ ಛಾಯಾಗ್ರಾಹಕರು ಮುಂದೆ ‘ಲೈಫ್’ ಪತ್ರಿಕೆಗೂ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ನಡೆಯಿತು.

ಇಷ್ಟೆಲ್ಲ ಹೆಸರು ತಂದುಕೊಟ್ಟ ಚಿತ್ರಗಳ ವಸ್ತು ಮಾತ್ರ ಬಲು ಸಾಮಾನ್ಯ: ಬೀದಿ, ಶಾಲೆ, ಸಂತೆ, ಆಡುವ ಮಕ್ಕಳು, ಕೂಸನ್ನೆತ್ತಿಕೊಂಡ ತಾಯಿ. ಸತ್ಯನ್ ಬಡವರನ್ನು ತೋರಿಸಿದರು, ಬಡತನವನ್ನು ಹರಾಜಿಗಿಡಲಿಲ್ಲ. ಅವರ ಚಿತ್ರದಲ್ಲಿ ಮಗುವಿನ ಮುಖ ಮೊದಲು ಕಾಣುತ್ತದೆ. ಹರಿದ ಅಂಗಿ ಆಮೇಲೆ. ಅವರ ಲೋಕ ತೀರಾ ಸೌಮ್ಯ, ಸಿಟ್ಟಿಗೂ ಜಗಳಕ್ಕೂ ಅಲ್ಲಿ ಜಾಗ ಕಡಿಮೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾನೂ ತಲೆದೂಗುತ್ತೇನೆ. ಆದರೆ ಕರುಣೆಯ ಹೆಸರಿನಲ್ಲಿ ಎದುರಿಗಿರುವವರನ್ನು ಕುಗ್ಗಿಸದೆ ಇರುವುದು ಸಣ್ಣ ಸಂಗತಿಯಲ್ಲ.

ಇದರ ಪಕ್ಕದಲ್ಲಿ ಆಸ್ಟ್ರೇಲಿಯದ್ದೇ ಒಂದು ಚಿತ್ರವನ್ನಿಟ್ಟು ನೋಡೋಣ. ಡೇವಿಡ್ ಮೂರ್ 1966ರಲ್ಲಿ ತೆಗೆದ, ‘ಸಿಡ್ನಿಗೆ ಬರುತ್ತಿರುವ ವಲಸಿಗರು’ ಎಂಬ ಹೆಸರಿನ ಚಿತ್ರ. ಹಡಗಿನ ಅಂಚಿನಲ್ಲಿ ಒತ್ತಿ ನಿಂತ ಜನ. ಮುಖಗಳಲ್ಲಿ ಆಸೆ, ಅಳುಕು, ಆಯಾಸ. ನಮ್ಮಂಥವರಿಗೆ ಇದು ನಮ್ಮದೇ ಕಥೆ ಅನ್ನಿಸದಿರದು. ಆದರೆ ಅವರಲ್ಲಿ ನಾಲ್ವರು ವಲಸಿಗರೇ ಅಲ್ಲ, ರಜೆ ಮುಗಿಸಿ ಮರಳುತ್ತಿದ್ದ ಸಿಡ್ನಿಯವರೇ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು! ಮುಖದ ಮೇಲಿನ ಭಾವ ನಿಜ. ಅದಕ್ಕೆ ಇಂಥದೇ ಕಾರಣವೆಂದು ಅಂಟಿಸಿದ್ದು ತಲೆಬರಹ, ಮತ್ತು ಅದನ್ನು ನಂಬಿದ ನಾವು. ಯಾರು, ಎಲ್ಲಿ, ಯಾವಾಗ ಎಂಬುದು ತಿಳಿಯದಿದ್ದರೆ ಎಂಥ ಒಳ್ಳೆಯ ಚಿತ್ರವೂ ಬೇರೆಯವರ ಕಥೆಯಾಗಿಬಿಡುತ್ತದೆ.

ಈಗ ನಮ್ಮ ಆಲ್ಬಮ್‌ಗಳನ್ನು ತೆರೆಯೋಣ. ಆಪೆರಾ ಹೌಸ್ ಮುಂದೆ ಸಾಲಾಗಿ ನಿಂತವರು, ಯುಗಾದಿಯ ರೇಷ್ಮೆ ಸೀರೆ, ರಾಜ್ಯೋತ್ಸವದ ವೇದಿಕೆ, ಹುಟ್ಟುಹಬ್ಬದ ಕೇಕು. ಫ್ಲಿಂಡರ್ಸ್ ಸ್ಟ್ರೀಟಿನಿಂದ ವೆರಿಬೀ ರೈಲಿನಲ್ಲಿ ತೂಕಡಿಸುತ್ತ ಬರುವ ಅಪ್ಪ ಎಲ್ಲಿ? ರಾತ್ರಿ ಪಾಳಿಗೆ ಹೊರಟು ಬಾಗಿಲಲ್ಲಿ ಬೂಟು ಹಾಕಿಕೊಳ್ಳುವ ಅಮ್ಮ? ಊರಿಂದ ಬಂದು, ಸೀರೆಯ ಮೇಲೆ ಕೋಟು ತೊಟ್ಟು, ವಾಟನ್ ಸ್ಟ್ರೀಟಿನಲ್ಲಿ ಮೊಮ್ಮಗುವಿನ ಗಾಡಿ ತಳ್ಳುವ ಅಜ್ಜಿ? ವೀಸಾ ಮುಗಿದರೆ ಅಜ್ಜಿ ಹೊರಟುಬಿಡುತ್ತಾರೆ. ಮತ್ತೆ ಬರುತ್ತಾರೋ ಇಲ್ಲವೋ, ಹೇಳುವವರು ಯಾರು?

ಫೋನಿನಲ್ಲಿ ಸಾವಿರ ಚಿತ್ರಗಳಿದ್ದರೂ ದಿನನಿತ್ಯದ ಬದುಕಿನದು ಹತ್ತು ಸಿಗುವುದು ಕಷ್ಟ. ಮುಂದೆ ಮಕ್ಕಳು ನಾವು ಎಲ್ಲೆಲ್ಲಿಗೆ ಹೋಗಿದ್ದೆವೆಂದು ಕೇಳಲಾರರು. ಹೇಗೆ ಬದುಕಿದೆವೆಂದು ಕೇಳುತ್ತಾರೆ. ಆದ್ದರಿಂದ ಬಂಧುಗಳೇ, ‘ಸ್ಮೈಲ್’ ಎನ್ನದೆ ವಾರಕ್ಕೊಂದಾದರೂ ಚಿತ್ರ ತೆಗೆಯಿರಿ. ಮನೆಯವರೇ ಆದರೂ ಒಂದು ಮಾತು ಕೇಳಿ. ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆದಿಡಿ. ಕನ್ನಡದಲ್ಲೇ ಬರೆದರೆ ಇನ್ನೂ ಸಂತೋಷ.